ನಿಮ್ಮ ಐಸಿಯು ಕಥೆಯನ್ನು ಮರಳಿಸುತ್ತಿರುವ ಕುರಿತು

ಮಾನ್ಯರೇ,

ನೀವು ಕಳುಹಿಸಿದ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಮುಂಬಯಿಯ ಘಾಟ್ಕೋಪರದ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ಕುಂದಾಪುರದ ಕಡೆಯ ಯುವಕ ಮೂರು ವಾರದ ಜ್ವರ, ಒಣಕೆಮ್ಮಿನ ನಂತರ ಉಸಿರು ಸಾಲದೆ ಮುನ್ಸಿಪಾಲಿಟಿ ಆಸ್ಪತ್ರೆಯ ಐಸಿಯು ಸೇರುತ್ತಾನೆ. ಡಾಕ್ಟರು ಹೊರಗೆ ಬಂದು, ಹತ್ತು ಜನರೆದುರು, ಅವನ ಸೋದರಮಾವನಿಗೆ ‘ಇದು ಏಡ್ಸ್, ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಮೂರನೆಯ ರಾತ್ರಿ ಅವನು ತೀರಿಕೊಳ್ಳುತ್ತಾನೆ. ನಿಮ್ಮ ಭಾಷೆ ಹದವಾಗಿದೆ, ಹೋಟೆಲಿನ ಸದ್ದು ಕಿವಿಗೆ ಬೀಳುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎಚ್‌ಐವಿ ಎಂಬ ಹೆಸರು ಬಂದೊಡನೆ ನೀವು ಕಥೆ ಕಟ್ಟುವುದನ್ನು ಬಿಟ್ಟು ಅವನ ಉತ್ತರಕ್ರಿಯೆಗೆ ಅಣಿಯಾಗಿದ್ದೀರಿ.

ನಿಮ್ಮ ಹೋಟೆಲಿನ ಗಿರಾಕಿಗಳು ಮೊಬೈಲಿನಿಂದ ಹಣ ಕೊಡುತ್ತಾರೆ. ಡಾಕ್ಟರು ಮಾತ್ರ 1980ರ ದಶಕದ ಮಾತನ್ನಾಡುತ್ತಾರೆ. ಇಂಥ ರೋಗಿಗೆ ವೆಂಟಿಲೇಟರ್ ಹಾಕಿ ಪ್ರಯೋಜನವೇನು ಎಂದು ವೈದ್ಯರೇ ಕೇಳುತ್ತಿದ್ದ ಕಾಲ ಅದು. 1996ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಾಗಿ ಕೊಡುವ ಚಿಕಿತ್ಸೆ ಬಂದ ಮೇಲೆ ಸ್ಥಿತಿ ಬದಲಾಯಿತು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರಕಾರವೇ ಅದನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಕೇಂದ್ರಗಳಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯೂ ಒಂದು. ಈಗ ಎಚ್‌ಐವಿ ಇರುವವರು ಹೃದಯಾಘಾತಕ್ಕೋ ಅಪಘಾತಕ್ಕೋ ಐಸಿಯು ಸೇರುವುದೂ ಉಂಟು, ಗುಣವಾಗಿ ಮನೆಗೆ ಮರಳುವುದೂ ಉಂಟು.

ನೀವು ಬಣ್ಣಿಸಿದ ಲಕ್ಷಣಗಳು ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾಕ್ಕೆ ಚೆನ್ನಾಗಿ ಹೊಂದುತ್ತವೆ. ನಮ್ಮ ಊರಿನ ವೈದ್ಯರು ಕ್ಷಯವನ್ನೂ ಪರೀಕ್ಷಿಸದೆ ಬಿಡುವುದಿಲ್ಲ, ಅದಕ್ಕೆ ಒಂದು ಸಾಲು ಸಾಕು. ನ್ಯುಮೊಸಿಸ್ಟಿಸ್‌ಗೆ ಮದ್ದಿದೆ: ಹೆಚ್ಚಿನ ಪ್ರಮಾಣದ ಕೋಟ್ರೈಮೊಕ್ಸಜೋಲ್ 21 ದಿನ, ರಕ್ತದ ಆಮ್ಲಜನಕ ತೀರಾ ಇಳಿದಿದ್ದರೆ ಜೊತೆಗೆ ಸ್ಟೀರಾಯ್ಡ್. ಚಿಕಿತ್ಸೆ ಶುರುವಾದ ಮೊದಲ ಕೆಲವು ದಿನ ರೋಗಿ ಇನ್ನಷ್ಟು ಕುಸಿದಂತೆ ಕಾಣುವುದುಂಟು. ಮದ್ದು ಹಿಡಿಯಿತೇ ಇಲ್ಲವೇ ಎಂಬುದು ನಿಮ್ಮ ಮೂರನೆಯ ರಾತ್ರಿಗೆ ಗೊತ್ತಾಗುವುದಿಲ್ಲ. ಕಾಯುವ ಆ ದಿನಗಳನ್ನು ನೀವು ಬರೆದೇ ಇಲ್ಲ. ಅವನು ಸಾಯಲೇಬೇಕೆಂದಿದ್ದರೆ ಅದಕ್ಕೂ ಕಾರಣಗಳಿವೆ: ಈ ಕಾಯಿಲೆಯಲ್ಲಿ ಶ್ವಾಸಕೋಶ ಸುಲಭವಾಗಿ ಹರಿದು ತೂತಾಗುತ್ತದೆ, ಹಾಗಾಗಿ ವೆಂಟಿಲೇಟರಿನಲ್ಲಿ ಒಂದೊಂದು ಉಸಿರನ್ನೂ ಚಿಕ್ಕದಾಗಿಯೇ ಕೊಡುತ್ತಾರೆ. ಆದರೂ ಒಂದು ನಡುರಾತ್ರಿ ಅಲಾರಂ ಕೂಗಿ, ಸ್ಟೆತಸ್ಕೋಪಿಗೆ ಎದೆಯ ಒಂದು ಪಕ್ಕದಲ್ಲಿ ಉಸಿರೇ ಕೇಳಿಸದೆ ಹೋಗಬಹುದು. ನಿಮ್ಮ ಡಾಕ್ಟರು ‘ಸಿಡಿ4 ಎಂಬತ್ತು, ಮುಗಿಯಿತು’ ಎನ್ನುವುದನ್ನಂತೂ ತೆಗೆದುಬಿಡಿ. ಸಿಡಿ4 ಎಂದರೆ ರಕ್ತದಲ್ಲಿ ರೋಗದೊಡನೆ ಹೋರಾಡುವ ಒಂದು ಬಗೆಯ ಕಣಗಳ ಲೆಕ್ಕ; ಯಾವ ತೀವ್ರ ಕಾಯಿಲೆಯಲ್ಲೂ ಆ ಸಂಖ್ಯೆ ಇಳಿಯುತ್ತದೆ. ಅದೊಂದನ್ನೇ ನೋಡಿ ಯಾರೂ ಕೈಚೆಲ್ಲುವುದಿಲ್ಲ.

ಇನ್ನು ಆ ಹತ್ತು ಜನರೆದುರಿನ ಘೋಷಣೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೀಗೆ ಬಹಿರಂಗಪಡಿಸುವಂತಿಲ್ಲ. ಡಾಕ್ಟರು ತಪ್ಪು ಮಾಡಬಾರದೆಂದೇನೂ ಅಲ್ಲ, ಆದರೆ ಅದು ತಪ್ಪೆಂದು ನಿಮ್ಮ ನಿರೂಪಕನಿಗೆ ಹೊಳೆಯದಿರುವುದು ನನಗೆ ತೊಡಕಾಗಿ ಕಂಡಿತು. ಊರಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಾವ ‘ಹುಡುಗನಿಗೆ ಏನಾಗಿದೆ?’ ಎಂದು ಕೇಳುವಾಗ, ಎಲ್ಲವನ್ನೂ ಬಲ್ಲ ಕಿರಿಯ ಡಾಕ್ಟರು ‘ನ್ಯುಮೋನಿಯಾ, ಜೋರಾಗಿದೆ’ ಎಂದಷ್ಟೇ ಹೇಳಿ ನಿಲ್ಲಲಿ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ, ಮಾವನಿಗೂ ಅದು ಪೂರ್ತಿಯಲ್ಲವೆಂದು ಅನ್ನಿಸುತ್ತದೆ. ದೃಶ್ಯ ಅಲ್ಲಿ ನಿಲ್ಲುತ್ತದೆ.

ನಿಮ್ಮ ಕಥೆಯ ನಿಜವಾದ ಜೀವ ಐದನೆಯ ಪುಟದ ಹನ್ನೆರಡು ಸಾಲುಗಳಲ್ಲಿದೆ. ರೋಗಿ ತನ್ನ ಎಚ್‌ಐವಿ ಗುಳಿಗೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟುಕೊಂಡಿದ್ದ, ಆರು ತಿಂಗಳಿಂದ ನುಂಗುವುದನ್ನು ಬಿಟ್ಟಿದ್ದ, ಇದು ಖೋಲಿಯ ಜೊತೆಗಾರನಿಗೆ ಮಾತ್ರ ಗೊತ್ತಿತ್ತು. ಆ ಜೊತೆಗಾರ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಐಸಿಯು ಬಾಗಿಲವರೆಗೆ ಬರುತ್ತಾನೆ, ಆಮೇಲೆ ನೀವು ಅವನನ್ನು ಮರೆತೇಬಿಡುತ್ತೀರಿ! ಸಿಸ್ಟರ್ ಬಂದು ‘ಪೇಶಂಟ್ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದ?’ ಎಂದು ಕೇಳಿದಾಗ ಪಕ್ಕದಲ್ಲೇ ಮಾವ ನಿಂತಿದ್ದರೆ ಅವನು ಏನು ಮಾಡುತ್ತಾನೆ? ಒಳಗಿನವರಿಗೆ ಉತ್ತರ ಬೇಕೇ ಬೇಕು. ಎಚ್‌ಐವಿಯ ಮದ್ದಾದ ಡೊಲುಟೆಗ್ರಾವಿರ್ ಗುಳಿಗೆಯನ್ನು ಪುಡಿಮಾಡಿ ಮೂಗಿನ ನಳಿಕೆಯಲ್ಲಿ ಕೊಡಬಹುದು, ಆದರೆ ಆಂಟಾಸಿಡ್ಡಿನ ಜೊತೆ ಕೊಟ್ಟರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಷಯದ ಮದ್ದು ರಿಫಾಂಪಿಸಿನ್ ಕೊಡುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಮೂತ್ರಪಿಂಡ ಕೆಟ್ಟಿದ್ದರೆ ಇನ್ನೊಂದು ಎಚ್‌ಐವಿ ಮದ್ದಾದ ಟೆನೊಫೊವಿರ್ ಬಗ್ಗೆ ಯೋಚಿಸಬೇಕಾಗುತ್ತದೆ. ಬಿಟ್ಟ ಗುಳಿಗೆಯನ್ನು ಮತ್ತೆ ಯಾವಾಗ ಶುರುಮಾಡುವುದೆಂಬುದೂ ಲೆಕ್ಕಾಚಾರದ ಮಾತೇ: ನ್ಯುಮೊಸಿಸ್ಟಿಸ್‌ಗೆ ಸಾಮಾನ್ಯವಾಗಿ ಎರಡು ವಾರದೊಳಗೆ, ಮೆದುಳಿನ ಪೊರೆಗೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ತಗಲಿದ್ದರೆ ನಾಲ್ಕರಿಂದ ಆರು ವಾರ ತಡೆದು. ಇವೆಲ್ಲವನ್ನೂ ಕಥೆಯಲ್ಲಿ ಪಾಠದಂತೆ ತುಂಬಬೇಡಿ. ನೀವು ತಿಳಿದಿದ್ದರೆ ಸಾಕು, ಸಿಸ್ಟರ್ ಎರಡನೆಯ ಸಲ ಕೇಳುವಾಗ ಅವಳ ದನಿ ಯಾಕೆ ಬಿಗಿಯಾಗುತ್ತದೆಂದು ನಿಮಗೇ ಗೊತ್ತಾಗುತ್ತದೆ.

ಎರಡೆರಡು ಗ್ಲೌಸ್ ಹಾಕಿಕೊಂಡು ರೋಗಿಯಿಂದ ದೂರ ನಿಲ್ಲುವ ನರ್ಸ್ ಕಥೆಯಲ್ಲಿ ಇರಬಾರದೆಂದಲ್ಲ, ಅಂಥವರು ಇದ್ದಾರೆ. ಆದರೆ ಸೋಂಕಿನ ಸೂಜಿ ಚುಚ್ಚಿದರೂ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು; 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ತಡೆಮದ್ದೂ ಇದೆ. ಭಯ ಅವಳದಾಗಿಯೇ ಉಳಿಯಲಿ, ನಿರೂಪಣೆಗೆ ಅಂಟದಿರಲಿ.

ಜೊತೆಗಾರನ ಕಣ್ಣಿನಿಂದ ಕಥೆಯನ್ನು ಮತ್ತೆ ಬರೆಯುವುದಾದರೆ ಖಂಡಿತ ಓದುತ್ತೇನೆ. ಮೂರು ಸಾವಿರ ಪದ ಮೀರದಿರಲಿ, ಯುನಿಕೋಡಿನಲ್ಲಿರಲಿ. ಕೊನೆಯ ಪುಟದ ಕವಿತೆಯನ್ನು ದಯವಿಟ್ಟು ಸೇರಿಸಬೇಡಿ.

ಇಂತು,
ಸಂಪಾದಕ