ಬಸ್ಸಿನ ಮೊದಲ ಪಾವಟಿಗೆ: ಒಂದು ಮೊಳದ ಲೆಕ್ಕ

ಪ್ರಶ್ನೆ: ನಮ್ಮ ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ, ವೀಲ್‌ಚೇರ್ ಮೇಲೆಯೇ ಓಡಾಟ. ತಿಂಗಳಿಗೊಮ್ಮೆ ಬಾಗಲಕೋಟೆಯ ಆಸ್ಪತ್ರೆಗೆ ಹೋಗಬೇಕು. ಪ್ರತಿ ಬಸ್ಸಿನಲ್ಲೂ ಮಡಚುವ ರ‍್ಯಾಂಪ್ ಇಡಿ ಎಂದು ಊರವರೆಲ್ಲ ಸೇರಿ ಡಿಪೋಗೆ ಅರ್ಜಿ ಕೊಡಬೇಕೆಂದಿದ್ದೇವೆ. ಸರಿಯೇ?
– ಓದುಗರು, ಇಳಕಲ್

ಅರ್ಜಿ ಖಂಡಿತ ಕೊಡಿ. ಆದರೆ ಈಗ ಓಡುತ್ತಿರುವ ಹಳ್ಳಿ ರೂಟಿನ ಬಸ್ಸಿಗೆ ರ‍್ಯಾಂಪ್ ಕೇಳಬೇಡಿ, ಲೆಕ್ಕ ಕೂಡುವುದಿಲ್ಲ. ಈ ಬಸ್ಸುಗಳ ನೆಲ ರಸ್ತೆಯಿಂದ ಸುಮಾರು 90ರಿಂದ 110 ಸೆಂ.ಮೀ. ಎತ್ತರ. ವೀಲ್‌ಚೇರ್ ಸುರಕ್ಷಿತವಾಗಿ ಏರಲು ಇಳಿಜಾರು 1:12 ಇರಬೇಕು, ಅಂದರೆ 1 ಅಡಿ ಏರಲು 12 ಅಡಿ ಉದ್ದ. 90 ಸೆಂ.ಮೀ.ಗೆ 10.8 ಮೀಟರ್ ಹಲಗೆ ಬೇಕಾಯಿತು, ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ! ರ‍್ಯಾಂಪ್ ಹೊಂದುವುದು 40 ಸೆಂ.ಮೀ. ಎತ್ತರದ ಲೋ ಫ್ಲೋರ್ ಬಸ್ಸಿಗೆ. ಬೆಳಗಾವಿಯ ನಗರ ಸಾರಿಗೆಗೋ ನವನಗರ–ಹಳೇ ಬಾಗಲಕೋಟೆ ಓಡಾಟಕ್ಕೋ ಹೊಸ ಬಸ್ ಕೊಳ್ಳುವಾಗ ಆ ಬೇಡಿಕೆ ಇಡಬಹುದು. ಎತ್ತರದ ಬಸ್ಸಿಗೆ ಇರುವ ದಾರಿ ಲಿಫ್ಟ್, ಅದೂ ಬಸ್ ಕಟ್ಟುವಾಗಲೇ ಆಗಬೇಕಾದ ಕೆಲಸ.

ನಾಳೆಯೇ ಆಗಬಹುದಾದದ್ದು ಬೇರೆ ಇದೆ. ನಮ್ಮ ನಿಲ್ದಾಣಗಳಲ್ಲಿ ಬಸ್ ಅಂಕಣಕ್ಕೆ ಮೂತಿ ಕೊಟ್ಟು ನಿಲ್ಲುತ್ತದೆ, ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಹೀಗಾಗಿ ಪ್ಲಾಟ್‌ಫಾರ್ಮ್ ಒಂದು ಗೇಣು ಎತ್ತರವಿದ್ದೂ ಉಪಯೋಗವಿಲ್ಲ. ಜನ ಕೆಳಗಿನ ನೆಲದಿಂದಲೇ ಹತ್ತಬೇಕು. ಮೊದಲ ಪಾವಟಿಗೆ ಅಲ್ಲಿಂದ 40 ಸೆಂ.ಮೀ. ಮೇಲೆ, ಹತ್ತಿರ ಹತ್ತಿರ ಒಂದು ಮೊಳ. ಮನೆಯ ಪಾವಟಿಗೆ 15–18 ಸೆಂ.ಮೀ. ಇರುತ್ತದೆ. ಆದ್ದರಿಂದ ಕನಿಷ್ಠ ಒಂದು ಅಂಕಣದಲ್ಲಿ ಬಸ್ ಪಕ್ಕಕ್ಕೆ ತಾಗಿ ನಿಲ್ಲುವಂತೆ ಗುರುತು ಹಾಕಿಸಿ. ಅಷ್ಟು ಜಾಗವಿಲ್ಲದಿದ್ದರೆ ಕಬ್ಬಿಣದ ಮಣೆ ಕೇಳಿ: 20 ಸೆಂ.ಮೀ. ಎತ್ತರ, 60 ಅಗಲ, 40 ಆಳ, ಮೇಲೆ ಗೀರು ಹಾಕಿದ ತಗಡು, ನಾಲ್ಕೂ ಕಾಲಿಗೆ ರಬ್ಬರ್. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ಮರದ ಸ್ಟೂಲ್ ಮಾತ್ರ ಬೇಡ, ಒಂದು ಮೂಲೆಗೆ ಭಾರ ಬಿದ್ದರೆ ಪಲ್ಟಿ. ಮಣೆ ಸಂಚಾರ ನಿಯಂತ್ರಕರ ಕೊಠಡಿಯಲ್ಲಿರಲಿ. ಹೊರಗಿಟ್ಟರೆ ವಾರದಲ್ಲಿ ಚಹದಂಗಡಿ ಸೇರುತ್ತದೆ. ಇದು ಊರುಗೋಲಿನವರಿಗೆ, ವಯಸ್ಸಾದವರಿಗೆ. ನಿಮ್ಮ ಅಣ್ಣನನ್ನು ಎತ್ತಿಯೇ ಹತ್ತಿಸಬೇಕು, ಅದಕ್ಕೆ ಮುಂದಿನ ಉತ್ತರ ನೋಡಿ.

ಅರ್ಜಿಯಲ್ಲಿ ಎರಡು ಆಧಾರ ಬರೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 41 ಸಾರಿಗೆಯ ಬಗ್ಗೆಯೇ ಇದೆ. 2020ರ ಮಾರ್ಚ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದಂತೆ ಬಸ್ಸುಗಳಲ್ಲಿ ಆದ್ಯತೆಯ ಆಸನ, ಅದರ ಗುರುತು, ಹಿಡಿಕೆ ಕಂಬಿ, ಊರುಗೋಲು ಸಿಕ್ಕಿಸುವ ವ್ಯವಸ್ಥೆ ಇರಬೇಕು. ಇವನ್ನು ಫಿಟ್‌ನೆಸ್ ಪ್ರಮಾಣಪತ್ರದ ತಪಾಸಣೆಯಲ್ಲಿ ನೋಡಬೇಕು. ಅರ್ಜಿಯ ಒಂದು ಪ್ರತಿಯನ್ನು ಡಿಪೋ ವ್ಯವಸ್ಥಾಪಕರಿಗೂ ಇನ್ನೊಂದನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಇಲ್ಲೊಂದು ಎಚ್ಚರ: ಬಾಗಲಕೋಟೆ, ಬೆಳಗಾವಿ ವಾಯವ್ಯ ಸಾರಿಗೆಗೆ ಸೇರಿದರೆ ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದೆ. ಬಸ್ಸಿನ ಮೇಲಿನ ಹೆಸರು ನೋಡದೆ ಬರೆದ ದೂರು ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಪ್ರಶ್ನೆ: ನಾನು ಕಂಡಕ್ಟರ್. ವೀಲ್‌ಚೇರ್ ಪ್ರಯಾಣಿಕರನ್ನು ಹತ್ತಿಸುವಾಗ ಎಲ್ಲಿ ಹಿಡಿಯಬೇಕೆಂದೇ ತಿಳಿಯುವುದಿಲ್ಲ.
– ಓದುಗರು, ವಿಜಯಪುರ

ಮೊದಲು ಅವರನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ. ದಿನಾ ಎತ್ತಿಸಿಕೊಳ್ಳುವವರಿಗೆ ತಮ್ಮ ದೇಹದ ಲೆಕ್ಕ ಗೊತ್ತಿರುತ್ತದೆ. ಅವರು ಬೇರೆ ರೀತಿ ಹೇಳದಿದ್ದರೆ ಹೀಗೆ ಮಾಡಿ: ಕುರ್ಚಿಯ ಎರಡೂ ಬ್ರೇಕ್ ಹಾಕಿ. ಅವರು ಎದೆಯ ಮೇಲೆ ಕೈಕಟ್ಟಿಕೊಳ್ಳಲಿ. ಹಿಂದಿನವರು ಕಂಕುಳ ಕೆಳಗಿನಿಂದ ಕೈ ತೂರಿಸಿ ಆ ಕಟ್ಟಿದ ಮುಂಗೈಗಳನ್ನು ಹಿಡಿಯಬೇಕು, ಮುಂದಿನವರು ಮೊಣಕಾಲಿನ ಹತ್ತಿರ ತೊಡೆಯ ಕೆಳಗೆ. ರಟ್ಟೆ ಹಿಡಿದು ಎಳೆದರೆ ಭುಜದ ಕೀಲು ತಪ್ಪಬಹುದು. ಬಾಗಿಲ ನಡುವೆ ಕಂಬಿ ಇದ್ದರೆ ಪಾದ ಅದಕ್ಕೆ ಬಡಿಯುತ್ತದೆ. ಸ್ಪರ್ಶಜ್ಞಾನವಿಲ್ಲದ ಕಾಲಿನ ಗಾಯ ಅವರಿಗೇ ಗೊತ್ತಾಗುವುದಿಲ್ಲ, ನೀವೇ ನೋಡಬೇಕು. ಕುರ್ಚಿಯ ಮೆತ್ತೆ ಅವರ ಜೊತೆ ಸೀಟಿಗೆ ಬರಲಿ. ಅದಿಲ್ಲದೆ ಎರಡು ತಾಸು ಕೂತರೆ ಒತ್ತುಹುಣ್ಣು ಶುರುವಾಗಬಹುದು.

ಕುರ್ಚಿ ಮಡಚಲು ಸೀಟಿನ ಬಟ್ಟೆಯನ್ನು ನಡುವೆ ಹಿಡಿದು ಮೇಲಕ್ಕೆಳೆಯಿರಿ. ತೂಕ 15–20 ಕೆ.ಜಿ. ಎತ್ತುವಾಗ ಚೌಕಟ್ಟು ಹಿಡಿಯಿರಿ, ಕೈತೋಳು ಇಲ್ಲವೇ ಪಾದದಾನಿ ಹಿಡಿದರೆ ಅದು ಕಳಚಿ ಕೈಗೆ ಬರುತ್ತದೆ. ಡಿಕ್ಕಿಯಲ್ಲಿ ಜೋಳದ ಚೀಲದ ಕೆಳಗಿಟ್ಟರೆ ಗಾಲಿ ಸೊಟ್ಟಾಗುವುದು ಖಚಿತ.

ಪ್ರಶ್ನೆ: ನನ್ನ ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಧಾರವಾಗಿ ಕಟ್ಟುವ ಪಟ್ಟಿ) ಇದೆ. ಯಾವ ಸೀಟು ಒಳ್ಳೆಯದು? ಪಾಸಿನಲ್ಲಿ ಬೆಳಗಾವಿಗೆ ಹೋಗಬಹುದೇ?
– ಓದುಗರು, ಬಾಗಲಕೋಟೆ

ಚಾಲಕರ ಬದಿಯ ಸಾಲಿನಲ್ಲಿ ನಡುದಾರಿಯ ಸೀಟು. ಆಗ ನಿಮ್ಮ ಎಡಗಾಲು ದಾರಿಯತ್ತ ಚಾಚಿಕೊಳ್ಳುತ್ತದೆ. ಬಲಗಾಲಾದರೆ ಎದುರು ಸಾಲು. ಹಿಂದಿನ ಗಾಲಿಯ ಮೇಲಿನ ಸೀಟು ಬೇಡ, ಅಲ್ಲಿ ಕಾಲಿಡಲು ಜಾಗ ಕಡಿಮೆ, ಕುಲುಕಾಟ ಜಾಸ್ತಿ. ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿಯದು, ಸೇವಾ ಸಿಂಧುವಿನಲ್ಲಿ ಅರ್ಜಿ, ವಾಸಸ್ಥಳದಿಂದ 100 ಕಿ.ಮೀ. ಮಿತಿ. ವಿಜಯಪುರ ಅದರೊಳಗೆ, ಬೆಳಗಾವಿ ಹೊರಗೆ. ಮಹಿಳೆಯಾಗಿದ್ದರೆ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆಯೇ ಸಾಕು.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಬಸ್ ಬಂದದ್ದು ಕೇಳಿಸುತ್ತದೆ, ಯಾವ ಊರಿನದು ಎಂಬುದು ತಿಳಿಯುವುದಿಲ್ಲ.
– ಓದುಗರು, ಬೆಳಗಾವಿ

ಮೈಸೂರಿನ ನಗರ ಬಸ್ಸುಗಳಲ್ಲಿ 2023ರಲ್ಲಿ ‘ಧ್ವನಿ ಸ್ಪಂದನ’ ಎಂಬ ವ್ಯವಸ್ಥೆ ಬಂತು: ಪ್ರಯಾಣಿಕರ ಕೈಯಲ್ಲಿನ ಸಾಧನದ ಗುಂಡಿ ಒತ್ತಿದರೆ ಬಸ್ಸಿನ ಸ್ಪೀಕರ್ ರೂಟ್ ಹೇಳುತ್ತದೆ, ಅದರ ಸದ್ದು ಹಿಡಿದು ಬಾಗಿಲು ತಲುಪಬಹುದು. ನಿಮ್ಮ ಊರಿಗೂ ಅದನ್ನೇ ಕೇಳಿ. ಅಲ್ಲಿಯವರೆಗೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಊರಿನ ಹೆಸರು ಎರಡು ಸಲ ಕೂಗಿದರೂ ಆಯಿತು.

ನಿಲ್ದಾಣದ ಹಳದಿ ಟೈಲ್ಸ್‌ನಲ್ಲಿ ಉದ್ದ ಗೀರು ಇದ್ದರೆ ‘ನಡೆಯಿರಿ’, ಚುಕ್ಕೆ ಇದ್ದರೆ ‘ನಿಲ್ಲಿ, ಎಚ್ಚರ’. ಅಂದಕ್ಕೆಂದು ಉದ್ದಕ್ಕೂ ಚುಕ್ಕೆಯನ್ನೇ ಹಾಸಿದ್ದರೆ, ಗೀರಿನ ಸಾಲು ಕಂಬಕ್ಕೆ ಹೋಗಿ ಮುಟ್ಟಿದ್ದರೆ ಅದು ಕೆಲಸದ ದೋಷ. ಫೋಟೊ ತೆಗೆಸಿ ದೂರು ಕೊಡಿ. ಪ್ರಯಾಣದ ಬಗ್ಗೆ ಏನೇ ದೂರಿದ್ದರೂ ಟಿಕೆಟ್ಟಿನ ಫೋಟೊವನ್ನೂ ಅವತ್ತೇ ತೆಗೆಸಿಡಿ, ಶಕ್ತಿಯ ಶೂನ್ಯ ಟಿಕೆಟ್ಟಾದರೂ ಸರಿ. ಯಂತ್ರದ ಟಿಕೆಟ್ಟಿನ ಅಕ್ಷರ ಬಿಸಿಲಿಗೆ, ಬೆವರಿಗೆ ಬೇಗ ಮಾಸಿಹೋಗುತ್ತದೆ.