ಡಿಸೆಂಬರ್‌ನಲ್ಲಿ ಡೆತ್ ವ್ಯಾಲಿ: ಸೆಡಾನ್ ಸಾಕಾ, ಟೆಂಟ್ ನಿಲ್ಲುತ್ತದಾ?

ಲಾಸ್ ಏಂಜಲಿಸ್‌ನಿಂದ ಗೆಳೆಯನ ಜೊತೆ ಬಾಡಿಗೆ ಸೆಡಾನ್‌ನಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಮರುಭೂಮಿಗೆ ಹೋಗಿ ಎರಡು ರಾತ್ರಿ ಟೆಂಟ್ ಹಾಕಬಹುದಾ ಅಂತ ಕೇಳಿದ್ದೀರಿ. ಡಿಸೆಂಬರ್ ಅಲ್ವಾ, ಧಾರಾಳವಾಗಿ ಹೋಗಿ. ಬೇಸಿಗೆಯಾಗಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. 1913ರಲ್ಲಿ 56.7 ಡಿಗ್ರಿ ಬಿಸಿಲು ದಾಖಲಾದ ಜಾಗ ಅದು.

ಉಳಿಯಲು ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಒಳ್ಳೆಯದು. ಈಗಲೇ ಬುಕ್ ಮಾಡಿ, ಚಳಿಗಾಲದಲ್ಲಿ ಬೇಗ ತುಂಬುತ್ತದೆ. ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಬೆಟ್ಟದ ಮೇಲಿನಷ್ಟು ಚಳಿ ಇಲ್ಲ. ಆದರೂ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು.

ಚಳಿಗಿಂತ ಜಾಸ್ತಿ ಕಾಡುವುದು ಗಾಳಿ. ಹಗಲೆಲ್ಲ ಸುಮ್ನೆ ಇದ್ದು ಸಂಜೆ ಏಕಾಏಕಿ ಬೀಸಬಹುದು. ನೆಲ ಮರಳಲ್ಲ, ಗಟ್ಟಿ ಜಲ್ಲಿ. ಟೆಂಟ್ ಜೊತೆ ಬರುವ ತೆಳು ಗೂಟ ಅರ್ಧ ಇಳಿಯುವಷ್ಟರಲ್ಲಿ ಬಾಗಿಹೋಗುತ್ತದೆ. ದಪ್ಪ ಕಬ್ಬಿಣದ ಗೂಟ, ಸುತ್ತಿಗೆ ಇಟ್ಟುಕೊಳ್ಳಿ. ಸುತ್ತಾಡಲು ಹೊರಡುವಾಗ ಟೆಂಟ್‌ನ ಕಡ್ಡಿ ಬಿಚ್ಚಿ ಮಲಗಿಸಿ, ಮೇಲೆ ಕಲ್ಲು ಹೇರಿ ಹೋಗಿ.

ನೀರು ಒಬ್ಬರಿಗೆ ದಿನಕ್ಕೆ ಕಡಿಮೆಯೆಂದರೂ 4 ಲೀಟರ್. ಪೆಟ್ರೋಲ್ ದಾರಿಯಲ್ಲಿ ಸಿಗುವ ರಿಡ್ಜ್‌ಕ್ರೆಸ್ಟ್ ಊರಿನಲ್ಲೇ ಫುಲ್ ಮಾಡಿಸಿ, ಒಳಗೆ ತುಂಬಾ ದುಬಾರಿ. ಬಹಳ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಬ್ಯಾಡ್‌ವಾಟರ್ ಉಪ್ಪಿನ ಬಯಲು, ಜಬ್ರಿಸ್ಕಿ ಪಾಯಿಂಟ್ ಎಂಬ ವ್ಯೂಪಾಯಿಂಟ್, ಮೆಸ್ಕೀಟ್ ಮರಳುದಿಬ್ಬ ಎಲ್ಲದಕ್ಕೂ ಡಾಂಬರು ರಸ್ತೆಯಿದೆ, ಸೆಡಾನ್ ಸಾಕು. ಕಲ್ಲುಗಳು ತಾವೇ ಸರಿದಂತೆ ಕಾಣುವ ರೇಸ್‌ಟ್ರ್ಯಾಕ್ ಎಂಬ ಒಣಕೆರೆ ಮಾತ್ರ ಈ ಸಲ ಬಿಡಿ. ಆ ಕಚ್ಚಾ ರಸ್ತೆಯಲ್ಲಿ ಟೈರ್ ಹರಿದರೆ ಕೇಳುವವರಿಲ್ಲ. ಅಮಾವಾಸ್ಯೆ ಹತ್ತಿರದ ದಿನ ಸಿಕ್ಕರೆ ಅದನ್ನೇ ಆರಿಸಿ, ನಕ್ಷತ್ರ ನೋಡಲು ಅಂಥ ಆಕಾಶ ಇನ್ನೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.