ಡಿಸೈನ್ ಪ್ರಾಜೆಕ್ಟ್‌ಗೆ ಇನ್ಸ್ಪಿರೇಶನ್ ಎಲ್ಲಿಂದ ತರೋದು?

ಪ್ಯಾಕೇಜಿಂಗ್ ಪ್ರಾಜೆಕ್ಟ್ ಕೊಟ್ಟಿದಾರೆ, ಎರಡು ವಾರದಿಂದ ಪಿಂಟರೆಸ್ಟ್ ಸೈಟ್‌ನಲ್ಲಿ ಬೇರೆಯವರ ಡಿಸೈನ್ ಚಿತ್ರಗಳನ್ನ ನೋಡ್ತಾನೇ ಇದೀನಿ, ಏನ್ ಮಾಡಿದ್ರೂ ಎಲ್ಲೋ ನೋಡಿದ ಹಾಗೇ ಇರತ್ತೆ ಅಂತ ಕೇಳಿದೀರ. ನಾನೂ ಬೆಂಗಳೂರಲ್ಲೇ ಡಿಸೈನ್ ಓದಿದ್ದು, ಸೆಕೆಂಡ್ ಇಯರ್‌ನಲ್ಲಿ ಇದೇ ಕಷ್ಟ ಪಟ್ಟಿದೀನಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ನಂಗೆ ಒಂದು ಲೈಬ್ರರಿಗೆ ಐಕಾನ್‌ಗಳನ್ನ ಮಾಡೋ ಪ್ರಾಜೆಕ್ಟ್ ಇತ್ತು. ನಮ್ಮ ದೊಡ್ಡಮ್ಮ ಧಾರವಾಡದವ್ರು, ಚೆನ್ನಾಗಿ ಕಸೂತಿ ಹಾಕ್ತಾರೆ, ಅವರ ಇಳಕಲ್ ಸೀರೆ ಫೋಟೋ ತರಿಸ್ಕೊಂಡು ಅದರಲ್ಲಿದ್ದ ಗೋಪುರ, ತೇರು, ಆನೆ ಅಂಬಾರಿ ಎಲ್ಲಾ ತಂದು ಬೋರ್ಡ್ ಅಂಚಿಗೆ ಅಂಟಿಸಿದೆ. ಜ್ಯೂರಿಲಿ, ಅಂದ್ರೆ ಮೇಷ್ಟ್ರುಗಳು ಕೂತು ನಮ್ಮ ಕೆಲಸ ನೋಡೋವಾಗ, ಕೇಳಿದ್ದು ಒಂದೇ, "ಲೈಬ್ರರಿಗೆ ತೇರು ಯಾಕೆ ಬಂತಮ್ಮಾ?" ನನ್ನತ್ರ ಉತ್ತರ ಇರ್ಲಿಲ್ಲ.

ಆಮೇಲೆ ರಜೆಲಿ ಧಾರವಾಡಕ್ಕೆ ಹೋಗಿ ದೊಡ್ಡಮ್ಮನ ಪಕ್ಕ ಕೂತು ಅವರ ಕೈನೇ ನೋಡ್ದೆ. "ಎಳಿ ಎಣಿಸಿ ಹಾಕಬೇಕವಾ, ಬರಕೊಂಡು ಹಾಕೂದಲ್ಲ ಇದು" ಅಂದ್ರು. ಕಸೂತಿಲಿ ಗವಂತಿ ಅಂತ ಒಂದು ಹೊಲಿಗೆ ಇದೆ, ಅದರಲ್ಲಿ ಸೂಜಿ ಹೋಗ್ತಾ ಒಂದು ಬಿಟ್ಟು ಒಂದು ಹೊಲಿಗೆ ಹಾಕತ್ತೆ, ವಾಪಸ್ ಬರ್ತಾ ಬಿಟ್ಟಿದ್ದ ಜಾಗ ತುಂಬತ್ತೆ, ಗಂಟು ಹಾಕೋ ಹಾಗಿಲ್ಲ, ಅದಕ್ಕೇ ಬಟ್ಟೆ ಎರಡೂ ಕಡೆ ಒಂದೇ ಥರ ಕಾಣತ್ತೆ. ಗೆರೆ ಅಡ್ಡ, ಉದ್ದ, ಓರೆ, ಇಷ್ಟೇ. ಇದು ಒಂದು ಗ್ರಿಡ್ ಅಲ್ವಾ! ಚೌಕಳಿ ಹಾಳೆ ತಗೊಂಡು ಆ ರೂಲ್ಸ್ ಇಟ್ಕೊಂಡೇ ಪುಸ್ತಕ, ಕುರ್ಚಿ, ನೀರಿನ ಲೋಟ ಬಿಡಿಸಿದೆ. ಎಲ್ಲೂ ತೇರಿಲ್ಲ, ಆನೆ ಇಲ್ಲ, ಆದ್ರೂ ಎಲ್ಲಾ ಐಕಾನೂ ಒಂದೇ ಮನೆಯವು ಅನ್ನಿಸ್ತಿತ್ತು, ಮತ್ತೆ ಪ್ರತಿ ಗೆರೆ ಯಾಕೆ ಹಾಗಿದೆ ಅಂತ ಹೇಳೋಕೆ ನಂಗೆ ಬರ್ತಿತ್ತು.

ಅಂದ್ರೆ ತಗೋಬೇಕಾದ್ದು ನೋಟ ಅಲ್ಲ, ಅದು ಹೇಗೆ ಕೆಲಸ ಮಾಡತ್ತೆ ಅನ್ನೋದನ್ನ. ಇನ್ನೊಂದು ಉದಾಹರಣೆ, ಲಾಲ್‌ಬಾಗ್ ಗಾಜಿನ ಮನೆ ನೋಡಿರ್ತೀರ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್ ಅನ್ನೋ ಗಾಜು ಕಬ್ಬಿಣದ ದೊಡ್ಡ ಕಟ್ಟಡದ ಮಾದರಿ. 1851ರಲ್ಲಿ ಆ ಕ್ರಿಸ್ಟಲ್ ಪ್ಯಾಲೇಸ್ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ, ಒಂದು ದೊಡ್ಡ ನೀರುತಾವರೆ ಎಲೆ ಮೇಲೆ ತನ್ನ ಮಗಳನ್ನೇ ನಿಲ್ಲಿಸಿ ನೋಡಿದ್ದ, ಎಲೆ ಮುಳುಗಲಿಲ್ಲ, ಯಾಕಂದ್ರೆ ಅದರ ಬೆನ್ನಲ್ಲಿ ದಪ್ಪ ನರಗಳ ಜಾಲ ಇದೆ. ಆ ಎಲುಬುಗೂಡಿನ ಯೋಚನೆ ಕಟ್ಟಡಕ್ಕೆ ಬಂತು. ಆದ್ರೆ ಕಟ್ಟಡ ಎಲ್ಲಿಂದ ನೋಡಿದ್ರೂ ಎಲೆ ಥರ ಕಾಣ್ತಿರ್ಲಿಲ್ಲ.

ಇನ್ನು ನಿಮ್ಮ ಪ್ಯಾಕೇಜಿಂಗ್. ಬೆಳಿಗ್ಗೆ ಬೇಗ ಎದ್ದು ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಇಲ್ಲಾ ಗಾಂಧಿ ಬಜಾರ್‌ಗೆ. ಮಲ್ಲಿಗೆನ ಬಾಳೆ ಎಲೆಲಿ ಸುತ್ತಿ ನಾರಲ್ಲಿ ಕಟ್ತಾರಲ್ಲ, ಹೂ ಬೇಗ ಬಾಡಲ್ಲ, ಗಮ್ ಬೇಡ, ಬಿಚ್ಚೋಕೆ ಕತ್ತರಿ ಬೇಡ. ಪೂಜೆ ಸಾಮಾನು, ಗಿಡಮೂಲಿಕೆ ಮಾರೋ ಗ್ರಂಧಿಗೆ ಅಂಗಡಿಲಿ ಪೇಪರ್ ಪೊಟ್ಟಣ ಕಟ್ಟೋದು ನೋಡಿ. ಮಂಗಳೂರು ಕಡೆ ಹೋಟೆಲ್ಲಲ್ಲಿ ಕೊಟ್ಟೆ ಕಡುಬು ತಿನ್ನಿ, ಎಲೆಲಿ ಬೇಯಿಸೋ ಇಡ್ಲಿ ಅದು, ಹಲಸಿನ ಎಲೆಗಳನ್ನ ಕಡ್ಡಿ ಚುಚ್ಚಿ ಸೇರಿಸಿರ್ತಾರೆ, ಬೇಯೋವಾಗ ಅದೇ ಅಚ್ಚು, ಆಮೇಲೆ ಅದೇ ಹೊದಿಕೆ, ಜೊತೆಗೆ ಘಮ ಕೂಡ ಅದರದ್ದೇ. ಒಂದು ವಸ್ತು ಮೂರು ಕೆಲಸ ಮಾಡ್ತಿದೆ! ಇಂಥದ್ದು ನೋಡಿದ್ರೆ ನಂಗೆ ಇವತ್ತಿಗೂ ಖುಷಿ ತಡ್ಯೋಕಾಗಲ್ಲ.

ಫೋಟೋ ತೆಗೀರಿ ಆದ್ರೆ ಅಷ್ಟಕ್ಕೇ ಬಿಡ್ಬೇಡಿ, ಕೂತು ಪೆನ್ಸಿಲ್ಲಲ್ಲಿ ಬಿಡಿಸಿ, ಯಾಕಂದ್ರೆ ಬಿಡಿಸೋವಾಗ್ಲೇ ಮಡಿಕೆ ಎಲ್ಲಿ ಶುರುವಾಗತ್ತೆ ಅಂತ ಗೊತ್ತಾಗೋದು. ಪಕ್ಕದ ಪುಟದಲ್ಲಿ ಇದು ಬಿಚ್ಚಿಕೊಳ್ಳದೆ ಹೇಗೆ ನಿಂತಿದೆ ಅಂತ ಎರಡು ಸಾಲು ಬರೀರಿ. ಮನೆಗೆ ಬಂದು ಪೊಟ್ಟಣ ಬಿಚ್ಚಿ, ಮತ್ತೆ ನೀವೇ ಕಟ್ಟಿ. ಪಿಂಟರೆಸ್ಟ್ ಆಮೇಲೆ ಕೊನೇಲಿ ತೆಗೀರಿ, ಬೇರೆ ಯಾರಾದ್ರೂ ಇದನ್ನ ಆಗ್ಲೇ ಮಾಡಿದಾರಾ ಅಂತ ನೋಡೋಕೆ.

ಮೂಡ್ ಬೋರ್ಡ್‌ನಲ್ಲಿ, ಅಂದ್ರೆ ನೀವು ಸೇರಿಸಿದ ಚಿತ್ರಗಳನ್ನೆಲ್ಲಾ ಅಂಟಿಸೋ ಹಾಳೆಲಿ, ಯಾರ ಹತ್ರ ಕಲಿತಿರಿ ಅಂತ ಬರೀರಿ, ನಾನು ದೊಡ್ಡಮ್ಮನ ಹೆಸರು ಹಾಕಿದ್ದೆ. ಮಾರ್ಕೆಟ್ಟಲ್ಲಿ ಹೂ ಮಾರೋ ಅಮ್ಮನ್ನ ಕೇಳದೆ ಫೋಟೋ ತೆಗೀಬೇಡಿ, ಬೆಳಿಗ್ಗೆ ವ್ಯಾಪಾರದ ಹೊತ್ತು, ಎರಡು ಮೊಳ ಹೂ ತಗೊಂಡು ಆಮೇಲೆ ಕೇಳಿ, ಅವರೇ ನಿಧಾನಕ್ಕೆ ಕಟ್ಟಿ ತೋರಿಸ್ತಾರೆ.